ಬಿಸಿಗಾಳಿಯ ಬಾಯಾರಿಕೆ: ಶೀತದೇಶದ ಮನೆಗಳಲ್ಲಿ ತೇವಾಂಶದ ವ್ಯವಸ್ಥೆ

ಮಕ್ಕಳು ಅಮೆರಿಕದಲ್ಲೋ ಕೆನಡಾದಲ್ಲೋ ನೆಲೆಸಿರುವ ಕನ್ನಡ ಕುಟುಂಬಗಳು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಇಂದು ವಿರಳವಲ್ಲ. ಮಗಳ ಇಲ್ಲವೆ ಸೊಸೆಯ ಬಾಣಂತನಕ್ಕೆಂದು, ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಕೆಲವು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗುವ ತಂದೆತಾಯಂದಿರಲ್ಲಿ ಹಲವರು ಷಿಕಾಗೊ, ಡೆಟ್ರಾಯಿಟ್, ಮಿನಿಯಾಪೊಲಿಸ್, ಟೊರಾಂಟೊಗಳಂತಹ ಊರುಗಳ ಚಳಿಗಾಲವನ್ನು ಮೊದಲ ಬಾರಿಗೆ ಕಾಣುತ್ತಾರೆ. ಹೊರಗಿನ ಚಳಿಗೆ ಅವರು ಸಿದ್ಧರಾಗಿಯೇ ಹೋಗಿರುತ್ತಾರೆ. ಉಣ್ಣೆಯ ಕೋಟು, ಕುಲಾವಿ, ಕಾಲುಚೀಲಗಳೆಲ್ಲ ಪೆಟ್ಟಿಗೆಯಲ್ಲಿರುತ್ತವೆ. ಅವರು ಎಣಿಸದೆ ಇರುವುದು ಮನೆಯೊಳಗಿನ ಒಣಹವೆಯನ್ನು.

ಹೋದ ಕೆಲವೇ ದಿನಗಳಲ್ಲಿ ತುಟಿ ಬಿರಿಯುತ್ತದೆ, ಹಿಮ್ಮಡಿ ಒಡೆಯುತ್ತದೆ, ಮೈ ತುರಿಸುತ್ತದೆ. ಬೆಳಿಗ್ಗೆ ಏಳುವಾಗ ಗಂಟಲು ಮರಳು ಸವರಿದಂತಿರುತ್ತದೆ. ರತ್ನಗಂಬಳಿಯ ಮೇಲೆ ನಡೆದುಬಂದು ಬಾಗಿಲ ಹಿಡಿಯನ್ನು ಮುಟ್ಟಿದರೆ ಚುರುಕ್ಕೆಂದು ಕಿಡಿ ಹಾರುತ್ತದೆ. ಒಂದು ದಿನ ಕರವಸ್ತ್ರದಲ್ಲಿ ರಕ್ತದ ಕಲೆ ಕಂಡಾಗ, ರಕ್ತದೊತ್ತಡ ಏರಿತೋ ಏನೋ ಎಂಬ ಭಯ ಮನೆಯವರನ್ನೆಲ್ಲ ಆವರಿಸುತ್ತದೆ. ಒತ್ತಡವನ್ನು ಅಳೆದು ನೋಡುವುದು ಅಗತ್ಯವೇ ಸರಿ. ಆದರೆ ಅದು ಸರಿಯಾಗಿದ್ದರೆ, ಮುಂದೆ ನೋಡಬೇಕಾದದ್ದು ಆ ಮನೆಯ ನೆಲಮಾಳಿಗೆಯನ್ನು. ಅಲ್ಲಿರುವ ಫರ್ನೇಸ್ ಎಂಬ ಶಾಖಯಂತ್ರವನ್ನೂ ಅದಕ್ಕೆ ಜೋಡಿಸಿದ, ಇಲ್ಲವೆ ಜೋಡಿಸಬೇಕಾದ, ಹ್ಯೂಮಿಡಿಫೈಯರನ್ನೂ.

ಗಾಳಿ ಒಣಗುವುದು ಹೇಗೆ?

ಫರ್ನೇಸ್ ಗಾಳಿಯಲ್ಲಿರುವ ನೀರನ್ನು ಸುಟ್ಟುಬಿಡುತ್ತದೆಂಬ ನಂಬಿಕೆ ಸಾಮಾನ್ಯವಾಗಿದೆ. ಅದು ಸರಿಯಲ್ಲ. ಗಾಳಿ ಬಿಸಿಯಾದಷ್ಟೂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲ ಪ್ರಮಾಣ ಹೆಚ್ಚುತ್ತದೆ. ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಘನ ಮೀಟರಿನಷ್ಟು ಜಾಗದಲ್ಲಿ ಹೆಚ್ಚೆಂದರೆ 5 ಗ್ರಾಂಗೆ ತುಸು ಕಡಿಮೆ ನೀರಾವಿ ಇರಬಲ್ಲುದು. 21 ಡಿಗ್ರಿಯಲ್ಲಿ ಅದೇ ಜಾಗ 18 ಗ್ರಾಂಗೂ ಮಿಕ್ಕು ಆವಿಯನ್ನು ಹಿಡಿಯುತ್ತದೆ. ಹಿಡಿಯಬಲ್ಲ ಗರಿಷ್ಠ ಪ್ರಮಾಣದಲ್ಲಿ ನೂರಕ್ಕೆ ಎಷ್ಟು ಪಾಲು ನೀರಾವಿ ಗಾಳಿಯಲ್ಲಿದೆ ಎಂಬುದೇ ಸಾಪೇಕ್ಷ ಆರ್ದ್ರತೆ.

ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯಿದೆ, ಗಾಳಿಯ ಆರ್ದ್ರತೆ ನೂರಕ್ಕೆ 80 ಇದೆ ಎಂದಿಟ್ಟುಕೊಳ್ಳಬಹುದು. ಅಂಕಿಯನ್ನು ನೋಡಿದರೆ ಮುಂಬಯಿಯ ಮಳೆಗಾಲದ ನೆನಪಾದೀತು. ಆದರೆ ಆ ಗಾಳಿಯ ಒಂದು ಘನ ಮೀಟರಿನಲ್ಲಿರುವ ನೀರು 2 ಗ್ರಾಂನಷ್ಟೂ ಇಲ್ಲ. ಅದೇ ಗಾಳಿ ಬಾಗಿಲು ಕಿಟಕಿಗಳ ಸಂದಿನಿಂದ ಒಳನುಗ್ಗಿ 21 ಡಿಗ್ರಿಗೆ ಕಾಯ್ದಾಗ ಅದರ ಆರ್ದ್ರತೆ ನೂರಕ್ಕೆ 10ರ ಆಸುಪಾಸಿಗೆ ಇಳಿಯುತ್ತದೆ. ನೀರು ಎಲ್ಲಿಯೂ ಹೋಗಿಲ್ಲ; ಗಾಳಿಯ ಬಾಯಾರಿಕೆ ಹೆಚ್ಚಿದೆ. ಆ ಬಾಯಾರಿಕೆಯನ್ನು ಅದು ಮನೆಯ ಮರಮುಟ್ಟುಗಳಿಂದ, ಪುಸ್ತಕಗಳಿಂದ, ವೀಣೆ ತಂಬೂರಿಗಳಿಂದ, ಕಡೆಗೆ ಮನುಷ್ಯರ ಮೂಗು ಮತ್ತು ಚರ್ಮದಿಂದ ತೀರಿಸಿಕೊಳ್ಳುತ್ತದೆ.

ದೇಹಕ್ಕೆ ಆಗುವ ತೊಂದರೆ

ಮೂಗು ಉಸಿರಿನ ದಾರಿ ಮಾತ್ರವಲ್ಲದೆ, ಒಳಬರುವ ಗಾಳಿಯನ್ನು ಬೆಚ್ಚಗಾಗಿಸಿ, ತೇವಗೊಳಿಸಿ, ಸೋಸಿ ಶ್ವಾಸಕೋಶಕ್ಕೆ ಕಳುಹಿಸುವ ಅಂಗವೂ ಹೌದು. ಅದರ ಒಳಗೋಡೆಯ ಲೋಳೆಪೊರೆಯ ಮೇಲೆ ಸೂಕ್ಷ್ಮವಾದ ರೋಮಗಳಿದ್ದು, ಧೂಳನ್ನೂ ರೋಗಾಣುಗಳನ್ನೂ ಲೋಳೆಯೊಡನೆ ಹಿಂದಕ್ಕೆ ಸಾಗಿಸುತ್ತವೆ. ಪೊರೆ ಒಣಗಿದರೆ ಲೋಳೆ ಗಟ್ಟಿಯಾಗಿ ಈ ಸಾಗಣೆ ನಿಧಾನವಾಗುತ್ತದೆ. ಎರಡು ಹೊಳ್ಳೆಗಳ ನಡುಗೋಡೆಯ ಮುಂಭಾಗದಲ್ಲಿ ಸಣ್ಣ ರಕ್ತನಾಳಗಳು ಬಲೆಯಂತೆ ಹೆಣೆದುಕೊಂಡಿವೆ. ಅಲ್ಲಿನ ಪೊರೆ ಒಣಗಿ ಬಿರಿದಾಗ ರಕ್ತ ಒಸರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುತ್ತಿರುವ ಹೃದ್ರೋಗಿಗಳಲ್ಲಿ ಈ ಸಣ್ಣ ಬಿರುಕೂ ಬೇಗ ನಿಲ್ಲದ ರಕ್ತಸ್ರಾವಕ್ಕೆ ಎಡೆಮಾಡಿಕೊಡಬಹುದು.

ಸೋಂಕಿಗೂ ಒಣಹವೆಗೂ ನಂಟಿದೆ. 2007ರಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳು ಗಿನಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, 20 ಡಿಗ್ರಿ ಉಷ್ಣತೆಯ ಒಣಗಾಳಿಯಲ್ಲಿ ಇನ್‌ಫ್ಲುಯೆಂಜಾ ವೈರಸ್ ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಸುಲಭವಾಗಿ ಹರಡಿತು. ಆರ್ದ್ರತೆ ನೂರಕ್ಕೆ 80 ಇದ್ದಾಗ ಹರಡಲಿಲ್ಲ. ಇದರಿಂದ ಮನೆಯನ್ನು ಸ್ನಾನದ ಕೋಣೆಯಂತೆ ತೋಯಿಸಬೇಕೆಂದು ಅರ್ಥವಲ್ಲ. ಆರ್ದ್ರತೆ 50ನ್ನು ದಾಟಿ ನಿಂತರೆ ಧೂಳಿನ ನುಸಿಗಳೂ, ಇನ್ನೂ ಹೆಚ್ಚಿದರೆ ಬೂಷ್ಟೂ ಬೆಳೆದು ಉಬ್ಬಸದ ರೋಗಿಗಳಿಗೆ ಕಂಟಕವಾಗುತ್ತವೆ. ಆದ್ದರಿಂದಲೇ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮನೆಯೊಳಗಿನ ಆರ್ದ್ರತೆ 30ರಿಂದ 50ರ ಒಳಗಿದ್ದರೆ ಒಳಿತೆಂದು ಹೇಳುತ್ತದೆ.

ಒಲೆಯ ಮೇಲಿನ ಪಾತ್ರೆ ಸಾಲದೇಕೆ?

ನೀರಿನ ಪಾತ್ರೆಯನ್ನು ಒಲೆಯ ಮೇಲೋ ಬಿಸಿಗಾಳಿ ಬರುವ ಕಿಂಡಿಯ ಬಳಿಯೋ ಇಡುವುದು ಹಿರಿಯರಿಗೆ ತೋಚುವ ಮೊದಲ ಉಪಾಯ. ಲೆಕ್ಕ ಹಾಕಿದರೆ ಅದು ಸಾಲದೆಂಬುದು ತಿಳಿಯುತ್ತದೆ. ಒಂದು ಸಾಧಾರಣ ಮನೆಯಲ್ಲಿ 500 ಘನ ಮೀಟರ್ ಗಾಳಿಯಿದ್ದರೆ, ಅದರ ಆರ್ದ್ರತೆಯನ್ನು 10ರಿಂದ 35ಕ್ಕೆ ಏರಿಸಲು ಸುಮಾರು 2.3 ಲೀಟರ್ ನೀರು ಆವಿಯಾಗಬೇಕು. ಆದರೆ ಆ ಗಾಳಿ ಅಲ್ಲೇ ನಿಲ್ಲುವುದಿಲ್ಲ. ಮೂರು ಗಂಟೆಗೊಮ್ಮೆ ಅದು ಸೋರಿಹೋಗಿ ಹೊಸ ಒಣಗಾಳಿ ಬರುವುದಾದರೆ ದಿನಕ್ಕೆ 18 ಲೀಟರ್ ಬೇಕಾಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಮೂರನೆಯ ಎರಡು ಯೂನಿಟ್ಟು ವಿದ್ಯುತ್ತಿಗೆ ಸಮನಾದ ಶಾಖವೂ ವ್ಯಯವಾಗುತ್ತದೆ. ಹೀಗಾಗಿ ಮೊದಲು ಕಿಟಕಿ ಬಾಗಿಲುಗಳ ಸಂದುಗಳನ್ನು ಮುಚ್ಚಿ, ಆಮೇಲೆ ಯಂತ್ರದ ಮಾತನ್ನು ಎತ್ತುವುದು ಜಾಣತನ.

ಪರಿಚಿತವಾದ ಕೂಲರಿನ ತತ್ತ್ವ

ಉತ್ತರ ಅಮೆರಿಕದ ಬಹುಪಾಲು ಮನೆಗಳಲ್ಲಿ ಫರ್ನೇಸ್ ಅನಿಲದಿಂದಲೋ ಎಣ್ಣೆಯಿಂದಲೋ ಉರಿಯುತ್ತದೆ. ಅದರೊಳಗಿನ ಬ್ಲೋವರ್ ಎಂಬ ದೊಡ್ಡ ಬೀಸಣಿಗೆ ಕೋಣೆಗಳ ತಣ್ಣನೆಯ ಗಾಳಿಯನ್ನು ಒಂದು ತಗಡಿನ ಕೊಳವೆಯ ಮೂಲಕ ಸೆಳೆದು, ಕಾಯಿಸಿ, ಇನ್ನೊಂದು ಕೊಳವೆಯ ಮೂಲಕ ಕೋಣೆಗಳಿಗೆ ಮರಳಿಸುತ್ತದೆ. ಈ ಎರಡು ಕೊಳವೆಗಳಲ್ಲೊಂದರ ಮೇಲೆ ಹ್ಯೂಮಿಡಿಫೈಯರನ್ನು ಕೂರಿಸಿ, ಸಣ್ಣ ಅಡ್ಡಗೊಳವೆಯಿಂದ ಇನ್ನೊಂದಕ್ಕೆ ಜೋಡಿಸುತ್ತಾರೆ. ಒಂದು ಕೊಳವೆಯಲ್ಲಿ ಗಾಳಿಯ ಒತ್ತಡ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಆ ವ್ಯತ್ಯಾಸದಿಂದಲೇ ಗಾಳಿ ಹ್ಯೂಮಿಡಿಫೈಯರಿನ ಮೂಲಕ ಹಾದುಹೋಗುತ್ತದೆ.

ಅದರೊಳಗೆ ಏನಿದೆ ಎಂಬುದು ದೆಹಲಿ, ನಾಗಪುರ, ಹೈದರಾಬಾದುಗಳ ಬೇಸಗೆಯನ್ನು ಕಂಡವರಿಗೆ ಹೊಸತಲ್ಲ. ಕೂಲರಿನಲ್ಲಿ ಹುಲ್ಲಿನ ಇಲ್ಲವೆ ಲಾಮಂಚದ ತಡಿಕೆಯ ಮೇಲೆ ನೀರು ತೊಟ್ಟಿಕ್ಕಿ, ಫ್ಯಾನು ಅದರ ಮೂಲಕ ಗಾಳಿಯನ್ನು ಎಳೆಯುವಂತೆ, ಇಲ್ಲಿಯೂ ಲೋಹದ ಜಾಲರಿಯಂತಹ ಒಂದು ಪ್ಯಾಡಿನ ಮೇಲೆ ನೀರು ಇಳಿಯುತ್ತದೆ; ಬಿಸಿಗಾಳಿ ಅದನ್ನು ಹಾದು ತೇವವನ್ನು ಹೊತ್ತೊಯ್ಯುತ್ತದೆ. ಆವಿಯಾಗದೆ ಉಳಿದ ನೀರು ಲವಣಗಳನ್ನು ತೊಳೆದುಕೊಂಡು ಚರಂಡಿ ಸೇರುತ್ತದೆ. ಕೂಲರಿನಲ್ಲಿ ಬೇಕಾದದ್ದು ತಂಪು, ತೇವ ಅದರ ಜೊತೆಗೆ ಬಂದದ್ದು. ಇಲ್ಲಿ ಬೇಕಾದದ್ದೇ ತೇವ.

ಮೂರು ಅಪ್ಪಣೆಗಳು

ಈ ಪ್ಯಾಡಿಗೆ ಸದಾ ನೀರು ಹರಿದರೆ ನೀರೂ ಪೋಲು, ಮನೆಯೂ ಹಾಳು. ಆದ್ದರಿಂದ ನೀರಿನ ದಾರಿಯಲ್ಲಿ ವಿದ್ಯುತ್ತಿನಿಂದ ತೆರೆಯುವ ಸೊಲೆನಾಯ್ಡ್ ಕವಾಟವೊಂದಿರುತ್ತದೆ. ಹೆಚ್ಚಿನ ಮಾದರಿಗಳಲ್ಲಿ ಇದಕ್ಕೆ ಬೇಕಾದದ್ದು 24 ವೋಲ್ಟಿನ ಸಣ್ಣ ವಿದ್ಯುತ್ತು. ಇಡೀ ವೈರಿಂಗಿನ ಉದ್ದೇಶ ಒಂದೇ: ಮೂರು ಅಪ್ಪಣೆಗಳು ಒಟ್ಟಿಗೆ ದೊರೆತಾಗ ಮಾತ್ರ ಕವಾಟ ತೆರೆಯಬೇಕು. ಮೊದಲನೆಯದಾಗಿ ಫರ್ನೇಸ್ ಉರಿಯುತ್ತಿರಬೇಕು; ತಣ್ಣನೆಯ ಗಾಳಿ ನೀರನ್ನು ಹೆಚ್ಚು ಹೀರಲಾರದು. ಎರಡನೆಯದಾಗಿ ಬ್ಲೋವರ್ ತಿರುಗುತ್ತಿರಬೇಕು. ಗಾಳಿಯಾಡದೆ ನೀರು ಮಾತ್ರ ಇಳಿದರೆ ಕೊಳವೆಯೊಳಗೆ ತೇವ ನಿಂತು ತುಕ್ಕೂ ಬೂಷ್ಟೂ ಹಿಡಿಯುತ್ತವೆ. ಮೂರನೆಯದಾಗಿ ಮನೆಯ ಗಾಳಿಗೆ ತೇವದ ಅಗತ್ಯವಿರಬೇಕು.

ಮೂರನೆಯ ಅಪ್ಪಣೆಯನ್ನು ಕೊಡುವುದು ಹ್ಯೂಮಿಡಿಸ್ಟಾಟ್. ಉಷ್ಣತೆಗೆ ಥರ್ಮೋಸ್ಟಾಟ್ ಹೇಗೋ ಆರ್ದ್ರತೆಗೆ ಇದು ಹಾಗೆ. ಜಿನೀವಾದ ವಿಜ್ಞಾನಿ ಸೊಸ್ಯೂರ್ 1783ರಲ್ಲಿ ಮನುಷ್ಯನ ಕೂದಲು ತೇವದಲ್ಲಿ ಹಿಗ್ಗುವುದನ್ನೇ ಬಳಸಿಕೊಂಡು ಆರ್ದ್ರತಾಮಾಪಕದ ವಿವರಣೆಯನ್ನು ಪ್ರಕಟಿಸಿದ. ಹಳೆಯ ಹ್ಯೂಮಿಡಿಸ್ಟಾಟುಗಳಲ್ಲಿಯೂ ಕೂದಲು ಇಲ್ಲವೆ ನೈಲಾನ್ ಪಟ್ಟಿ ಹಿಗ್ಗಿ ಕುಗ್ಗಿ ಸ್ವಿಚ್ಚನ್ನು ತೆರೆದು ಮುಚ್ಚುತ್ತದೆ. ಹೊಸತರಲ್ಲಿ ಆ ಕೆಲಸವನ್ನು ಇಲೆಕ್ಟ್ರಾನಿಕ್ ಸಂವೇದಕ ಮಾಡುತ್ತದೆ. ಇದನ್ನು ಗೋಡೆಯ ಮೇಲೆ, ಇಲ್ಲವೆ ಕೋಣೆಗಳಿಂದ ಗಾಳಿ ಮರಳುವ ಕೊಳವೆಯ ಮೇಲೆ, ಹ್ಯೂಮಿಡಿಫೈಯರಿನ ತೇವ ತಗಲದಷ್ಟು ಹಿಂದಕ್ಕೆ ಕೂರಿಸಬೇಕು. ಬಿಸಿಗಾಳಿ ಹೋಗುವ ಕೊಳವೆಯ ಮೇಲೆ ಕೂರಿಸಿದರೆ ಅದು ಮನೆಯ ಸ್ಥಿತಿಯನ್ನು ತಿಳಿಯಲಾರದು.

ತಂತಿಗಳ ಜೋಡಣೆ

ಹ್ಯೂಮಿಡಿಸ್ಟಾಟ್ ತಾನಾಗಿ ವಿದ್ಯುತ್ತನ್ನು ಕೊಡುವುದಿಲ್ಲ. ಅದು ದಾರಿಯಲ್ಲಿರುವ ಒಂದು ಬಾಗಿಲು. 24 ವೋಲ್ಟಿನ ಮೂಲದಿಂದ ಹೊರಟ ತಂತಿ ಹ್ಯೂಮಿಡಿಸ್ಟಾಟಿನ ಒಂದು ತುದಿಗೆ ಹೋಗಿ, ಇನ್ನೊಂದು ತುದಿಯಿಂದ ಕವಾಟಕ್ಕೆ ಬಂದು, ಕವಾಟದಿಂದ ಮೂಲಕ್ಕೆ ಮರಳುತ್ತದೆ. ಇದು ಶಾಲೆಯ ಪಾಠಗಳಲ್ಲಿ ಬರುವ ಸರಣಿ ಜೋಡಣೆ. ಎಲ್ಲಿ ಒಂದು ಬಾಗಿಲು ಮುಚ್ಚಿದರೂ ಕವಾಟಕ್ಕೆ ವಿದ್ಯುತ್ತು ತಲುಪುವುದಿಲ್ಲ. ಉಳಿದ ಎರಡು ಅಪ್ಪಣೆಗಳನ್ನು ಎಲ್ಲಿಂದ ಪಡೆಯಬೇಕೆಂಬುದು ಫರ್ನೇಸಿನ ವಯಸ್ಸನ್ನೂ ಮಾದರಿಯನ್ನೂ ಅವಲಂಬಿಸಿದೆ.

ಈಚಿನ ಹಲವು ಫರ್ನೇಸುಗಳ ನಿಯಂತ್ರಣ ಫಲಕದಲ್ಲಿ ಹ್ಯೂಮಿಡಿಫೈಯರಿಗೆಂದೇ ‘ಎಚ್‌ಯುಎಂ’ ಎಂಬ ಗುರುತಿನ ಒಂದು ತುದಿ ಇರುತ್ತದೆ. ಫರ್ನೇಸ್ ಶಾಖ ಕೊಡುವಾಗ ಮಾತ್ರ ಅದರಲ್ಲಿ ವಿದ್ಯುತ್ತು ಬರುತ್ತದೆ. ಆದರೆ ಎಲ್ಲರೂ ಎಡವುವುದು ಇಲ್ಲಿಯೇ. ಕೆಲವು ಫಲಕಗಳಲ್ಲಿ ಆ ತುದಿಯಲ್ಲಿ ಬರುವುದು 24 ವೋಲ್ಟು. ಇನ್ನು ಕೆಲವುಗಳಲ್ಲಿ ಅಲ್ಲಿನ ಗೃಹವಿದ್ಯುತ್ತಾದ 120 ವೋಲ್ಟು. ಎರಡನೆಯದಕ್ಕೆ ಸಣ್ಣ ಕವಾಟವನ್ನು ನೇರವಾಗಿ ಸೇರಿಸಿದರೆ ಅದರ ಸುರುಳಿ ಸುಟ್ಟುಹೋಗುತ್ತದೆ. ಬೆಂಕಿಯ ಅಪಾಯವೂ ಉಂಟು. ಅಂತಹ ಕಡೆ 120ನ್ನು 24ಕ್ಕೆ ಇಳಿಸುವ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ನಡುವೆ ಬರಬೇಕು. ಯಾವ ಫಲಕ ಯಾವ ಬಗೆಯದೆಂಬುದನ್ನು ಫರ್ನೇಸಿನ ಬಾಗಿಲ ಒಳಬದಿಯಲ್ಲಿ ಅಂಟಿಸಿರುವ ವೈರಿಂಗ್ ನಕ್ಷೆಯಿಂದಲೂ ಮೀಟರಿನಿಂದಲೂ ಖಚಿತಪಡಿಸಿಕೊಳ್ಳದೆ ತಂತಿಯನ್ನು ಮುಟ್ಟಬಾರದು.

ಹಳೆಯ ಫರ್ನೇಸಿನಲ್ಲಿ ಅಂತಹ ತುದಿಯೇ ಇಲ್ಲದಿದ್ದರೆ, ಬ್ಲೋವರಿನ ತಂತಿಯಲ್ಲಿ ವಿದ್ಯುತ್ತು ಹರಿಯುವುದನ್ನು ಗ್ರಹಿಸಿ ಮುಚ್ಚಿಕೊಳ್ಳುವ ರಿಲೇಯನ್ನೋ, ಗಾಳಿಯ ರಭಸಕ್ಕೆ ಬಾಗಿ ಸ್ವಿಚ್ಚನ್ನು ಒತ್ತುವ ರೆಕ್ಕೆಯನ್ನೋ ಬಳಸುತ್ತಾರೆ. ಇವು ಬ್ಲೋವರ್ ತಿರುಗುತ್ತಿದೆ ಎಂದಷ್ಟೇ ಹೇಳುತ್ತವೆ, ಉರಿಯ ಸುದ್ದಿಯನ್ನು ಹೇಳುವುದಿಲ್ಲ. ಬೇಸಗೆಯಲ್ಲಿ ತಂಪುಯಂತ್ರಕ್ಕಾಗಿ ಬ್ಲೋವರ್ ತಿರುಗಿದಾಗಲೂ ಅಪ್ಪಣೆ ಕೊಟ್ಟುಬಿಡುತ್ತವೆ. ಆದ್ದರಿಂದ ಅಂತಹ ಮನೆಗಳಲ್ಲಿ ಚಳಿಗಾಲ ಮುಗಿದೊಡನೆ ಹ್ಯೂಮಿಡಿಸ್ಟಾಟನ್ನು ಆರಿಸಿ, ನೀರನ್ನು ನಿಲ್ಲಿಸಿ, ಅಡ್ಡಗೊಳವೆಯ ಮುಚ್ಚಳವನ್ನು ಮುಚ್ಚುವುದು ಕಡ್ಡಾಯ. ಫರ್ನೇಸಿನ ಒಳಗಿರುವ 24 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಚಿಕ್ಕದು; ಅದರ ಮೇಲೆ ಹೆಚ್ಚಿನ ಹೊರೆ ಹೇರುವುದಕ್ಕಿಂತ ಹ್ಯೂಮಿಡಿಫೈಯರಿಗೆ ಬೇರೆಯದನ್ನೇ ಒದಗಿಸುವುದು ಕ್ಷೇಮ.

ಈ ಕೆಲಸಕ್ಕೆ ಕೈಹಾಕುವ ಮುನ್ನ ಫರ್ನೇಸಿನ ವಿದ್ಯುತ್ತನ್ನು ಬ್ರೇಕರಿನಲ್ಲಿಯೇ ಕಡಿದುಹಾಕಬೇಕು. ಫಲಕದ ಬಾಗಿಲು ತೆಗೆದರೆ ಯಂತ್ರವನ್ನು ನಿಲ್ಲಿಸುವ ಸುರಕ್ಷಾ ಸ್ವಿಚ್ಚು ಇದ್ದೇ ಇರುತ್ತದೆ. ಆದರೆ ಆ ಸ್ವಿಚ್ಚಿನವರೆಗೂ 120 ವೋಲ್ಟು ಬಂದು ನಿಂತಿರುತ್ತದೆಂಬುದನ್ನು ಮರೆಯಬಾರದು. ಅನಿಲದ ಕೊಳವೆಯನ್ನೂ ಹೊಗೆಯ ಕೊಳವೆಯನ್ನೂ ಅಲುಗಿಸಕೂಡದು; ಹೊಗೆಗೊಳವೆ ಸಡಿಲವಾದರೆ ವಾಸನೆಯಿಲ್ಲದ, ಪ್ರಾಣಾಂತಿಕವಾದ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಸೇರುತ್ತದೆ. ವಿದ್ಯುತ್ತಿನ ಅನುಭವವಿಲ್ಲದವರು ಪರವಾನಗಿ ಪಡೆದ ಕೆಲಸಗಾರನನ್ನೇ ಕರೆಸುವುದು ಲೇಸು. ಬಾಡಿಗೆಯ ಮನೆಯಾದರೆ ಮಾಲೀಕನ ಒಪ್ಪಿಗೆಯೂ ಬೇಕು.

ಚಳಿ ಹೆಚ್ಚಿದಂತೆ ತೇವ ಕಡಿಮೆ

ಒಮ್ಮೆ ಯಂತ್ರ ಕೂತ ಮೇಲೆ ಬಹುಪಾಲು ಜನ ಮಾಡುವ ತಪ್ಪೆಂದರೆ ಗುಂಡಿಯನ್ನು 45ಕ್ಕೆ ತಿರುಗಿಸಿ ಮರೆತುಬಿಡುವುದು. ಹೊರಗೆ ಕೊರೆಯುವ ಚಳಿಯಿರುವಾಗ ಕಿಟಕಿಯ ಗಾಜು ತಣ್ಣಗಿರುತ್ತದೆ. ತೇವಗಾಳಿ ಅದಕ್ಕೆ ತಾಕಿದರೆ, ತಂಪು ನೀರಿನ ಲೋಟದ ಹೊರಮೈಯಲ್ಲಿ ಹನಿ ಮೂಡುವಂತೆ, ಗಾಜಿನ ಮೇಲೆ ನೀರು ಮೂಡಿ ಚೌಕಟ್ಟಿಗೆ ಇಳಿಯುತ್ತದೆ. ಕಣ್ಣಿಗೆ ಕಾಣುವ ಈ ಹನಿಗಿಂತ ಗೋಡೆಯ ಒಳಪದರದಲ್ಲಿ ಕಾಣದಂತೆ ಕೂಡುವ ಹನಿ ಹೆಚ್ಚು ಅಪಾಯಕರ. ಅಲ್ಲಿ ಮರ ಕೊಳೆತು ಬೂಷ್ಟು ಹಬ್ಬುತ್ತದೆ. ಅಜ್ಜಿಯ ಮೂಗಿನ ರಕ್ತವನ್ನು ನಿಲ್ಲಿಸಲು ತಂದ ಯಂತ್ರ ಮೊಮ್ಮಗುವಿಗೆ ಉಬ್ಬಸವನ್ನು ತರುವುದು ಹೀಗೆ.

ಆದ್ದರಿಂದ ಚಳಿ ಹೆಚ್ಚಿದಷ್ಟೂ ಗುರಿಯನ್ನು ಇಳಿಸಬೇಕು. ಹೊರಗೆ ಸೊನ್ನೆಗಿಂತ 7 ಡಿಗ್ರಿ ಕೆಳಗಿದ್ದರೆ ಒಳಗಿನ ಆರ್ದ್ರತೆ 35 ಇರಬಹುದು. 12 ಡಿಗ್ರಿ ಕೆಳಗಿದ್ದರೆ 30, 18 ಡಿಗ್ರಿ ಕೆಳಗಿದ್ದರೆ 25, 29 ಡಿಗ್ರಿ ಕೆಳಗಿದ್ದರೆ 15 ಸಾಕೆಂಬುದು ತಯಾರಕರ ಪಟ್ಟಿಗಳಲ್ಲಿ ಕಾಣುವ ವಾಡಿಕೆಯ ಲೆಕ್ಕ. ಹೊರಗಿನ ಉಷ್ಣತೆಯನ್ನು ಅಳೆದು ತಾನೇ ಗುರಿಯನ್ನು ಬದಲಿಸಿಕೊಳ್ಳುವ ಹ್ಯೂಮಿಡಿಸ್ಟಾಟುಗಳೂ ಇವೆ. ಯಾವ ಅಂಕಿಯೂ ನೆನಪಿರದಿದ್ದರೆ ಕಿಟಕಿಯನ್ನು ನೋಡಿದರಾಯಿತು: ಗಾಜಿನ ಮೇಲೆ ಹನಿ ಮೂಡಿದರೆ ತೇವ ಹೆಚ್ಚಾಯಿತೆಂದೇ ಅರ್ಥ.

ನೀರಿಗೆ ಏನನ್ನೂ ಬೆರೆಸಬಾರದು

ಪ್ಯಾಡಿನ ಮೇಲೆ ನೀರಿನ ಲವಣ ಕಲ್ಲುಗಟ್ಟುವುದರಿಂದ ಪ್ರತಿ ಚಳಿಗಾಲದ ಆರಂಭದಲ್ಲಿ ಅದನ್ನು ಬದಲಿಸಬೇಕು. ಚರಂಡಿಗೆ ಹೋಗುವ ಕೊಳವೆ ಕಟ್ಟಿಕೊಂಡಿಲ್ಲವೆಂದು ನೋಡಬೇಕು. ಫರ್ನೇಸಿಲ್ಲದ ಮನೆಗಳಲ್ಲಿ ಮೇಜಿನ ಮೇಲಿಡುವ ಚಿಕ್ಕ ಹ್ಯೂಮಿಡಿಫೈಯರುಗಳನ್ನು ಬಳಸುತ್ತಾರೆ. ಅವುಗಳ ತೊಟ್ಟಿಯಲ್ಲಿ ನಿಂತ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದರಿಂದ ನೀರನ್ನು ದಿನವೂ ಚೆಲ್ಲಿ, ತೊಟ್ಟಿಯನ್ನು ಉಜ್ಜಿ ತೊಳೆದು, ಒರಸಬೇಕು.

ಆ ನೀರಿಗೆ ಕ್ರಿಮಿನಾಶಕ, ಕರ್ಪೂರ, ನೀಲಗಿರಿ ಎಣ್ಣೆ ಮುಂತಾದ ಯಾವುದನ್ನೂ ಬೆರೆಸಕೂಡದು. ದಕ್ಷಿಣ ಕೊರಿಯಾದಲ್ಲಿ ಇಂತಹ ಯಂತ್ರಗಳ ನೀರಿಗೆ ಬೆರೆಸಲೆಂದೇ 1994ರಿಂದ ಮಾರಾಟವಾಗುತ್ತಿದ್ದ ಕ್ರಿಮಿನಾಶಕ ದ್ರಾವಣಗಳು ಶ್ವಾಸಕೋಶಗಳನ್ನು ಹಾಳುಗೆಡವುತ್ತಿದ್ದವೆಂಬುದು 2011ರಲ್ಲಿ ಬೆಳಕಿಗೆ ಬಂತು. ಸತ್ತವರಲ್ಲಿ ಗರ್ಭಿಣಿಯರೂ ಬಾಣಂತಿಯರೂ ಎಳೆಮಕ್ಕಳೂ ಇದ್ದರು. ಕುಡಿದರೆ ಹೆಚ್ಚು ಹಾನಿಮಾಡದ ವಸ್ತು ಮಂಜಿನಂತೆ ಉಸಿರಿನಲ್ಲಿ ಸೇರಿದಾಗ ವಿಷವಾಗಬಲ್ಲುದೆಂಬುದು ಆ ದುರಂತದ ಪಾಠ. ಭಾರತದಿಂದ 230 ವೋಲ್ಟಿನ ಯಂತ್ರವನ್ನು ಒಯ್ದರೆ ಅದು ಅಲ್ಲಿನ 120 ವೋಲ್ಟಿನಲ್ಲಿ ಸರಿಯಾಗಿ ನಡೆಯದೆಂಬುದೂ ನೆನಪಿರಲಿ.

ಮೂಗಿನಲ್ಲಿ ರಕ್ತ ಬಂದಾಗ

ತಲೆಯನ್ನು ಹಿಂದಕ್ಕೆ ವಾಲಿಸುವುದು ತಪ್ಪು, ರಕ್ತ ಗಂಟಲಿಗಿಳಿಯುತ್ತದೆ. ನೆಟ್ಟಗೆ ಕುಳಿತು, ತುಸು ಮುಂದಕ್ಕೆ ಬಾಗಿ, ಮೂಗಿನ ಮೃದುವಾದ ಕೆಳಭಾಗವನ್ನು ಎರಡು ಬೆರಳುಗಳಿಂದ 10ರಿಂದ 15 ನಿಮಿಷ ಬಿಡದೆ ಒತ್ತಿಹಿಡಿದು, ಬಾಯಿಂದ ಉಸಿರಾಡಬೇಕು. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ, ರಕ್ತ ಧಾರೆಯಾಗಿ ಸುರಿಯುತ್ತಿದ್ದರೆ ಆಸ್ಪತ್ರೆಗೆ ಧಾವಿಸಬೇಕು. ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರು ಅಷ್ಟು ಹೊತ್ತು ಕಾಯದೆ ವೈದ್ಯರನ್ನು ಕೇಳುವುದು ಲೇಸು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಒಣಗಿದ ಮೂಗಿಗೆ ಔಷಧಾಲಯದಲ್ಲಿ ದೊರೆಯುವ ಉಪ್ಪುನೀರಿನ ಹನಿ ಉತ್ತಮ. ಎಣ್ಣೆಯನ್ನೋ ತುಪ್ಪವನ್ನೋ ಮೂಗಿಗೆ ಬಿಡುವ ರೂಢಿಯಿಂದ ಅದು ಶ್ವಾಸಕೋಶಕ್ಕೆ ಜಾರುವ ಅಪಾಯವುಂಟು. ಎಣ್ಣೆ ಮೈಗೆ ಹಿತ: ಸ್ನಾನವಾದೊಡನೆ, ಮೈ ಇನ್ನೂ ತೇವವಾಗಿರುವಾಗಲೇ ಕೊಬ್ಬರಿ ಎಣ್ಣೆಯನ್ನು ಸವರಿಕೊಂಡರೆ ಚರ್ಮದ ತೇವ ಉಳಿಯುತ್ತದೆ.

ಇಲ್ಲಿನ ಮನೆಗಳಿಗೆ ಬೇಕೆ?

ಮಕ್ಕಳ ಮನೆಯಲ್ಲಿ ಕಂಡದ್ದನ್ನು ಇಲ್ಲಿಯೂ ಕೊಳ್ಳಬೇಕೆಂಬ ಆಸೆ ಸಹಜ. ಮುಂಬಯಿ, ಚೆನ್ನೈಗಳ ಮನೆಗಳಿಗೆ ತೇವ ಸೇರಿಸುವ ಮಾತೇ ಇಲ್ಲ. ಅಲ್ಲಿನ ಚಿಂತೆ ಅದಕ್ಕೆ ವಿರುದ್ಧವಾದುದು. ದೆಹಲಿಯ ಜನವರಿಯಲ್ಲಿ, ಹೊರಗೆ 7 ಡಿಗ್ರಿಯ ಮಂಜಿನ ಗಾಳಿ ಒಳಬಂದು 20 ಡಿಗ್ರಿಗೆ ಕಾಯ್ದರೂ ಅದರ ಆರ್ದ್ರತೆ 40ರ ಸುತ್ತಮುತ್ತ ಇರುತ್ತದೆ. ಅಲ್ಲಿ ಹೆಚ್ಚಿನ ಅಪಾಯವಿರುವುದು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಂಗೀಠಿಯನ್ನು ಉರಿಸಿ ಮಲಗುವುದರಲ್ಲಿ. ಫರ್ನೇಸಿಗೆ ಹೊಗೆಗೊಳವೆಯಾದರೂ ಇದೆ, ಅಂಗೀಠಿಗೆ ಅದೂ ಇಲ್ಲ.

ಚಳಿಗಾಲಕ್ಕೆಂದು ಮಕ್ಕಳ ಮನೆಗೆ ಹೊರಡುವವರು ಪ್ರಯಾಣಕ್ಕೆ ಮುಂಚೆಯೇ ಒಂದಿಷ್ಟನ್ನು ಕೇಳಿ ತಿಳಿದುಕೊಳ್ಳಬಹುದು: ಮನೆಯಲ್ಲಿ ಆರ್ದ್ರತೆಯನ್ನು ತೋರಿಸುವ ಮಾಪಕವಿದೆಯೆ, ಹ್ಯೂಮಿಡಿಫೈಯರಿನ ಪ್ಯಾಡನ್ನು ಈ ವರ್ಷ ಬದಲಿಸಲಾಗಿದೆಯೆ, ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆಯ ಗಂಟೆ ಕೆಲಸ ಮಾಡುತ್ತಿದೆಯೆ. ಹಲವು ಮನೆಗಳಲ್ಲಿ ಯಂತ್ರವಿದ್ದೂ ಅದರ ನೀರಿನ ನಲ್ಲಿ ಹಿಂದಿನ ಬೇಸಗೆಯಲ್ಲಿ ಮುಚ್ಚಿದ್ದು ಹಾಗೆಯೇ ಉಳಿದಿರುತ್ತದೆ. ಅಪ್ಪ ಅಮ್ಮಂದಿರ ಒಂದು ಪ್ರಶ್ನೆಯಿಂದ ಆ ನಲ್ಲಿ ತೆರೆದರೆ, ಅವರ ಮೂಗಿಗಷ್ಟೇ ಅಲ್ಲ, ಆ ಮನೆಯ ಮಕ್ಕಳ ಉಸಿರಿಗೂ ಹಿತವಾಗುತ್ತದೆ.